ಹೇಳ್ಕಂಡು ಅಳೋ ಚಾಮುಂಡಿ

ಸಾವಿನ ಮನೆಯಲ್ಲಿ ಹೆಂಗಸರು ಒಳಗೆ ಕೂತು ಅಳುತ್ತಾರೆ, ಗಂಡಸರು ಹೊರಗೆ ನಿಂತು ಏನು ಹೇಳಬೇಕು, ಏನು ಹೇಳಬಾರದು ಎಂದು ತೀರ್ಮಾನ ಮಾಡುತ್ತಾರೆ. ಇದು ನಿಮಗೆ ಗೊತ್ತಿರುವ ಸಂಗತಿ. ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಬೇಡಿ. ನೀವೂ ಹೋಗಿದ್ದೀರಿ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಿದ್ದೀರಿ, ಪಕ್ಕದವನ ಕಿವಿಗೆ ಬಾಯಿಟ್ಟು 'ಅದು ಹಂಗಲ್ವಂತಲ್ಲ' ಎಂದು ಪಿಸುಗುಟ್ಟಿದ್ದೀರಿ, ಆಮೇಲೆ ಮನೆಗೆ ಬಂದು ತಲೆಗೆ ನೀರು ಹುಯ್ದುಕೊಂಡು ಉಂಡು ಮಲಗಿದ್ದೀರಿ.

ಉಮ್ಮತ್ತೂರಿನ ಚಾಮುಂಡಿ ಒಳಗೆ ಕೂತು ಅಳುವವಳು. ಹೊಟ್ಟೆಪಾಡಿಗೆ ಕೂಲಿ: ಅರಿಸಿನ ಕೀಳುವುದು, ಸಣ್ಣೀರುಳ್ಳಿ ಕೊಯ್ಯುವುದು, ಕಳೆ ತೆಗೆಯುವುದು. ಗಂಡ ಇಲ್ಲ. ಮಗಳೊಬ್ಬಳು, ಪುಟ್ಟಿ, ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಾಳೆ. ಕೂಲಿಯ ಕೆಲಸದಲ್ಲಿ ಚಾಮುಂಡಿ ಎಲ್ಲರಂತೆ ಒಬ್ಬಳು. ಬದುವಿನ ಮೇಲೆ ಸಾಲಾಗಿ ನಿಂತರೆ ಇವಳೇ ಎಂದು ಬೊಟ್ಟು ಮಾಡಿ ತೋರಿಸಲಾಗದು. ಆದರೆ ಸುತ್ತಿನಲ್ಲಿ ಯಾರಾದರೂ ಸತ್ತರೆ ಮೊದಲು ಬರುವ ಮಾತು, 'ಚಾಮುಂಡಿಗೆ ಹೇಳಿ ಕಳ್ಸುದ್ರಾ?'

ಆ ಕಡೆ ಅಳುವುದರಲ್ಲಿ ಎರಡು ಬಗೆ. ಒಂದು ಬರೀ ಅಳೋದು. ಅದು ಯಾರಿಗೂ ಬರುತ್ತದೆ, ನೋವಾದರೆ ಕರುವೂ ಅಳುತ್ತದೆ. ಇನ್ನೊಂದು ಹೇಳ್ಕಂಡು ಅಳೋದು. ಹೆಣದ ಕಾಲ ಬಳಿ ಕೂತು, ತಲೆ ಬಗ್ಗಿಸಿ, ಎದೆಯಿಂದ ಎಳೆದ ಒಂದೇ ರಾಗದಲ್ಲಿ ಸತ್ತವರ ಬಾಳನ್ನು ಸತ್ತವರಿಗೇ ಹೇಳುವುದು. ಏನು ಉಂಡೆ, ಏನು ಉಣ್ಣಲಿಲ್ಲ, ಯಾರು ಕೈ ಹಿಡಿದರು, ಯಾರು ಕೈ ಬಿಟ್ಟರು, ಎಲ್ಲ. ಅದಕ್ಕೆ ಒಂದೇ ಕಟ್ಟಳೆ: ಹೆಣ ಎತ್ತುವ ತನಕ ಅಳುವವಳ ಮಾತಿಗೆ ಯಾರೂ ಎದುರಾಡುವ ಹಾಗಿಲ್ಲ. ಮಾತು ಸತ್ತವರಿಗೆ ಹೇಳಿದ್ದು, ನಿಮಗಲ್ಲ. ನಡುವೆ ಬಾಯಿ ಹಾಕಿದರೆ ಹೆಣಕ್ಕೆ ಅವಮಾನ. ಹೆಣ ಎತ್ತಿದ ಮೇಲೆ ಅದೇ ಮಾತು ಆಡಿದರೆ ಅದು ಅಳುವಲ್ಲ, ಜಗಳ. ಆಗ ಯಾರು ಬೇಕಾದರೂ ಜುಟ್ಟು ಹಿಡಿಯಬಹುದು.

ಚಾಮುಂಡಿಗೆ ಇದನ್ನು ಯಾರೂ ಕಲಿಸಲಿಲ್ಲ. ಚಿಕ್ಕವಳಿದ್ದಾಗ ಅವಳ ಅವ್ವ ಸತ್ತಳು. ಮನೆ ತುಂಬ ಹೆಂಗಸರು ಗೋಳೋ ಎನ್ನುತ್ತಿದ್ದರೆ ಈ ಹುಡುಗಿ ಕಲ್ಲಿನಂತೆ ಕೂತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಳು. 'ಅವ್ವಾ, ನನ್ನ ಲಂಗದ ಲಾಡಿ ಕಿತ್ತೋಗದ, ನಾಳ ಹೊಲ್ಕೊಡ್ತೀನಿ ಅಂದಿದ್ಯಲ್ಲವ್ವಾ.' ಅಷ್ಟೇ. ಗೋಳಾಡುತ್ತಿದ್ದವರೆಲ್ಲ ಗಪ್ಪಾದರು. ಹೊರಗೆ ಬೀಡಿ ಸೇದುತ್ತಿದ್ದ ಗಂಡಸರು ಬೀಡಿ ಎಸೆದರು. ತನಗೆ ಇದು ಬರುತ್ತದೆ ಎಂದು ಆವತ್ತಿನಿಂದ ಅವಳಿಗೆ ಗೊತ್ತು. ಬೇರೆ ಕೆಲಸದಲ್ಲಿ ಅವಳು ಹೊತ್ತು ನೋಡುತ್ತಾಳೆ, ಸೂರ್ಯ ಎಲ್ಲಿಗೆ ಬಂದ ಎಂದು ಕಣ್ಣೆತ್ತುತ್ತಾಳೆ. ಹೆಣದ ಮುಂದೆ ಕೂತಾಗ ಮಾತ್ರ ಹೊತ್ತು ಎನ್ನುವುದೇ ಇರುವುದಿಲ್ಲ.

ಊರಿನ ದೊಡ್ಡ ಹಿಡುವಳಿದಾರ ಶಿವರುದ್ರಸ್ವಾಮಿ ತೀರಿಕೊಂಡಾಗ ನಡೆದದ್ದನ್ನು ಉಮ್ಮತ್ತೂರಿನವರು ಈಗಲೂ ಹೇಳುತ್ತಾರೆ. ಜಗಲಿಯ ಮೇಲೆ ವಿಭೂತಿ ಬಳಿದು, ಹೂ ಹಾಕಿ ಕೂರಿಸಿದ್ದರು. ಚಾಮುಂಡಿ ಅಂಗಳದಲ್ಲಿ, ಮೆಟ್ಟಿಲಿಗಿಂತ ಆಚೆ, ತನ್ನ ಬೀದಿಯವರು ಕೂರುವ ಜಾಗದಲ್ಲಿ ಕೂತು ಶುರು ಮಾಡಿದಳು. 'ನನ್ನ ಬಾಣಂತನಕ್ಕ ಒಂದು ಚೀಲ ರಾಗಿ ಕಳ್ಸಿದ್ರಿ ಬುದ್ಧಿ, ಆ ರಾಗಿ ನನ್ನ ಮಗಳ ಮೂಳ ಆಗದ ಬುದ್ಧಿ. ನಮ್ಮ ಬೀದಿ ನಲ್ಲಿಗ ಬೀಗ ಹಾಕ್ಸಿದ್ರಿ ಬುದ್ಧಿ, ನಿಮ್ಮ ಬಾಯಿಗ ಈಗ ನೀರು ಬುಡ್ತಾವ್ರೆ, ನಮ್ಮ ಬಾಯಿಗ ಯಾವಾಗ ಬುಟ್ಟೀರಿ ಬುದ್ಧಿ.' ಒಂದೇ ಉಸಿರಿನಲ್ಲಿ ಎರಡೂ. ಮಕ್ಕಳು ಹಲ್ಲು ಕಚ್ಚಿದರು. ಎದ್ದು ಒದೆಯುವ ಹಾಗಿಲ್ಲ, ಅಪ್ಪನ ಹೆಣ ಮುಂದಿದೆ. ಶಿವಗಣಾರಾಧನೆ ಮುಗಿದ ಮಾರನೆಯ ದಿನ ಹೆಂಡತಿ ದೊಡ್ಡಮಲ್ಲಮ್ಮ ಆಳನ್ನು ಕರೆದು, 'ಆ ನಲ್ಲಿ ಬೀಗ ಬಿಚ್ಚಿ ಬಿಸಾಕ್ಲಾ. ಅವ್ರಿಗ ಅಲ್ಲೂ ಬಾಯಾರ್ಕೆ ಆಗೋದು ಬ್ಯಾಡ' ಎಂದರು. ಎಷ್ಟು ಅರ್ಜಿ ಕೊಟ್ಟರೂ ಬಿಚ್ಚದ ಬೀಗ ಅದು.

ಹೋದ ವರ್ಷ, ಆಷಾಢಕ್ಕೆ ಇನ್ನೂ ಸ್ವಲ್ಪ ದಿನ ಇದ್ದಾಗ, ಚಾಮುಂಡಿಯ ಅಣ್ಣನ ಮಗ ಗಣೇಶ ಅತ್ತೆಯನ್ನು ನೋಡಿ ಹೋಗಲು ಬಂದಿದ್ದ. ಅಣ್ಣ ಚಿಕ್ಕಣ್ಣನ ಮನೆ ಇರುವುದು ಗುಂಡ್ಲುಪೇಟೆಯಿಂದ ಒಳಕ್ಕೆ ಹೋಗುವ ಒಂದು ಸಣ್ಣ ಊರಿನಲ್ಲಿ. ಅದೇ ಅವಳ ತವರು. ಅಲ್ಲಿ ಬಿಳಿಕಲ್ಲಿನ ಕ್ವಾರಿಯಿದೆ. ಊರಿನ ಅರ್ಧ ಜನ ಅದರ ಹೊಟ್ಟೆಯೊಳಗೆ ದುಡಿಯುತ್ತಾರೆ, ಗಣೇಶನೂ ಅಲ್ಲೇ. ಬಂದವನು ಬಾಗಿಲಲ್ಲೇ ತಲೆ ಕೊಡವಿದ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತೆ ಧೂಳು ಹಾರಿತು.

ಆವತ್ತು ಪುಟ್ಟಿ ಕಾಲೇಜಿನಿಂದ ಒಂದು ಹೊಸ ಸುದ್ದಿ ತಂದಿದ್ದಳು.

'ಮೈಸೂರಿಂದ ಒಬ್ರು ಬಂದಿದ್ರು ಕಣವ್ವ, ಕೋಟು ಹಾಕಂಡು, ಕೆನ್ನೆ ಹತ್ರ ಮೈಕು ಸಿಗಸ್ಕಂಡು. ಎಲ್ಲರೊಳಗೂ ಒಂದು ಶಕ್ತಿ ಇರ್ತದಂತ. ಯಾವ ಕೆಲ್ಸ ಮಾಡ್ವಾಗ ಹೊತ್ತು ಹೋಗದು ಗೊತ್ತಾಗಲ್ವೋ ಅದೇ ಅಂತ. ಅದ್ನ ಹಿಡ್ಕಂಡು ಹೋದ್ರ, ನಾವು ಯಾಕ ಹುಟ್ಟುದ್ವಿ ಅನ್ನದು ಗೊತ್ತಾಯ್ತದಂತ.'

'ನಿಂಗೇನು ಗೊತ್ತಾಯ್ತು?' ಎಂದ ಗಣೇಶ.

'ನಂಗ ಹೊತ್ತು ಹೋಗದು ಗೊತ್ತಾಗದೆ ಇರದು ಮೊಬೈಲ್ ನೋಡ್ವಾಗ.'

'ಹಂಗಾರ ನೀ ಹುಟ್ಟಿರದೇ ರೀಚಾರ್ಜ್ ಮಾಡ್ಸಕ ಕಣಮ್ಮಿ.'

'ನಿಂದೇನು ಹೇಳಪ್ಪ ದೊಡ್ಡ ಮನ್ಸ.'

'ನಂದು ಬುಡು. ಅತ್ತೇದು ಹೇಳ್ಲಾ? ಅತ್ತೇದು ಅಳೋದು!' ಎಂದವನೇ ಗಣೇಶ ಟವೆಲನ್ನು ತಲೆಗೆ ಹಾಕಿಕೊಂಡು, ಗೋಡೆಗೆ ಒರಗಿಸಿದ್ದ ಒನಕೆಯನ್ನು ನೆಲಕ್ಕೆ ಮಲಗಿಸಿ, ಅದರ ಕಾಲ ಬಳಿ ಕೂತು ಅತ್ತೆಯ ರಾಗವನ್ನೇ ಎಳೆದ. 'ಯಾರಿಗ ಬುಟ್ಟು ಹೋದ್ಯಪ್ಪಾ ರಾಗಿಯಾ...' ಚಾಮುಂಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪುಟ್ಟಿ ನಗಲಿಲ್ಲ. ಕಾಲೇಜಿನಲ್ಲಿ ಅವಳನ್ನು 'ಅಳೋಳ ಮಗಳು' ಎನ್ನುವವರಿದ್ದರು. ಕೋಟಿನವರು ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮ ಮನೆಯವರ ಶಕ್ತಿ ಏನು ಎಂದು ಕೇಳಿದಾಗ ಪುಟ್ಟಿ ಎದ್ದು, 'ನಮ್ಮಮ್ಮ ಅಡುಗೆ ಚೆನ್ನಾಗಿ ಮಾಡ್ತಾರೆ ಸರ್' ಎಂದು ಹೇಳಿ ಕೂತಿದ್ದಳು.

ಉಣ್ಣುವಾಗ ಗಣೇಶ ತಮಾಷೆ ಬಿಟ್ಟು ಹೇಳಿದ, 'ಕ್ವಾರೀಲಿ ನಾವು ಕೆಲ್ಸ ಮಾಡೋ ಕಡೆ ಮ್ಯಾಲೊಂದು ಬಂಡ ಬಿರ್ಕಂಡು ಬಾಯಿ ಬುಟ್ಟದ ಕಣತ್ತ. ಸೂಪರ್‌ವೈಸರ್ ಸೋಮೇಶಣ್ಣನಿಗ ಹೇಳ್ದೆ. "ನೀ ಮ್ಯಾಲೆ ಯಾಕ್ಲಾ ನೋಡೀಯ, ಕಲ್ಲು ಕೆಳಗದ, ಕೆಳಗ ನೋಡು" ಅಂದ.'

'ಹೋಗ್ಬ್ಯಾಡ ಬುಡು ಮತ್ತ.'

'ಹೋಗ್ದೆ ಕೇರಳಕ್ಕ ಸುಂಟಿ ಕೀಳಕ್ಕ ಹೋಗ್ಲಾ? ಕೂಸು ಇನ್ನೂ ತೊಟ್ಲಲ್ಲದ.' ಕೈ ತೊಳೆದು ಬಂದು ಮತ್ತೆ ನಕ್ಕ. 'ಅತ್ತ, ನಾನೇನಾರ ಸತ್ರ ಚೆನ್ನಾಗಿ ಹೇಳ್ಬೇಕು ಕಣ. ಆ ಶಿವರುದ್ರಸ್ವಾಮಿ ಬುದ್ಧಿಗ ಹೇಳ್ದಂಗ. ಒಂದೂ ಬುಡ್ಬಾರ್ದು.'

'ಥೂ, ಬಾಯಿ ಮುಚ್ಚು. ನಿನ್ನ ಬಾಯಿಗ ಮಣ್ಣಾಕ.' ಚಾಮುಂಡಿ ಅವನ ಬೆನ್ನಿಗೆ ಒಂದು ಗುದ್ದಿದಳು. ಗುದ್ದಿದ ಕೈಗೆ ಬಿಳಿ ಧೂಳು ಹತ್ತಿತು.

ಆಷಾಢದಲ್ಲಿ ಫೋನು ಬಂತು. ಚಿಕ್ಕಣ್ಣನದೇ. 'ಗಣೇಶ ಹೊಂಟೋದ ಕಣವ್ವ. ಹುಣಸೆ ಮರದಿಂದ ಬಿದ್ಬುಟ್ಟ.'

ಉಮ್ಮತ್ತೂರಿನಿಂದ ಚಾಮರಾಜನಗರ, ಅಲ್ಲಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆ, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಪಕ್ಕದಲ್ಲಿ ಕೂತ ಪುಟ್ಟಿಗೆ ಅವ್ವನ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಎದೆಯೊಳಗೆ ಮಾತು ಕೂಡಿಕೊಳ್ಳುತ್ತಿತ್ತು. ಟವೆಲ್, ಒನಕೆ, ತೊಟ್ಟಿಲ ಕೂಸು, ಬಾಯಿ ಬಿಟ್ಟ ಬಂಡೆ. ಮತ್ತು ಹುಣಸೆ ಮರ. ಹುಣಸೆ ಮರದ ಹತ್ತಿರ ಬಂದಾಗಲೆಲ್ಲ ಮಾತು ಮುಗ್ಗರಿಸುತ್ತಿತ್ತು. ಆಷಾಢದಲ್ಲಿ ಯಾರು ಹುಣಸೆ ಮರ ಹತ್ತುತ್ತಾರೆ?

ಅವಳು ಹೋಗುವ ಹೊತ್ತಿಗೆ ಹೆಣಕ್ಕೆ ನೀರು ಹುಯ್ದು ಮುಗಿಸಿದ್ದರು. ಸೋದರತ್ತೆ ಬರುವ ತನಕ ಕಾಯುವುದು ಪದ್ಧತಿ, ಕಾದಿರಲಿಲ್ಲ. ಹೊಸ ಪಂಚೆ, ಹೊಸ ಶರ್ಟು, ತಲೆಗೆ ಕಿವಿ ಮುಚ್ಚುವ ಹಾಗೆ ಟವೆಲ್ ಸುತ್ತಿದ್ದರು. ಚಾಮುಂಡಿ ಬಗ್ಗಿ ಟವೆಲನ್ನು ಸ್ವಲ್ಪ ಸರಿಸಿದಳು. ಕಿವಿಯ ಮಡಿಕೆಯೊಳಗೆ ಬಿಳಿ ಧೂಳು ಹಾಗೇ ಕೂತಿತ್ತು. ಎಷ್ಟು ಬಿಂದಿಗೆ ಹುಯ್ದರೂ ಅಲ್ಲಿಗೆ ನೀರು ಹೋಗಿರಲಿಲ್ಲ.

ಅವಳು ಕೂತು ಬಾಯಿ ತೆರೆಯುವ ಮೊದಲೇ ಚಿಕ್ಕಣ್ಣ ಬಂದು ರಟ್ಟೆ ಹಿಡಿದು ಎಬ್ಬಿಸಿ ಮನೆಯ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿದ್ದದ್ದು ಅದೇ ಹುಣಸೆ ಮರ. ಕೊಂಬೆಯ ತುಂಬ ಹಳದಿ ಹೂವು. ಹಣ್ಣಿರಲಿ, ಹೀಚು ಕೂಡ ಇರಲಿಲ್ಲ.

'ಅಣ್ಣೋ, ಈ ಮರ ಹತ್ತಿ ಏನು ಉದುರ್ಸ್ತಿದ್ದ ನಿನ್ನ ಮಗ?'

ಚಿಕ್ಕಣ್ಣ ಮೇಲೆ ನೋಡಲಿಲ್ಲ. 'ಸೊಪ್ಪು ಕಡೀವಾಗ ಬಿದ್ದ ಅಂತ ಹೇಳನ ಅಂದೆ ಕಣವ್ವ ನಾನು. ಸೋಮೇಶ ಪೇಟೇಲಿ ಬೆಳ್ದವನು. "ಹುಣಸೆ ಹಣ್ಣು ಉದುರ್ಸ್ವಾಗ ಅಂದ್ಬುಡಿ, ಕೇಳಿದವ್ರಿಗ ಸಲೀಸಾಗಿ ಅರ್ಥ ಆಯ್ತದ" ಅಂದ. ಅಷ್ಟೊತ್ತಿಗ ಎಲ್ಲರಗೂ ಹೇಳಾಗಿತ್ತು.'

'ಬಂಡ ಜರುಗ್ತಾ?'

'ಹೂಂ.'

'ಅಂವ ಹೇಳಿದ್ನಲ್ಲ ಬಾಯಿ ಬುಟ್ಟದ ಅಂತ.'

'ಎಲ್ಲರೂ ಹೇಳಿದ್ರು. ಈಗೇನು ಮಾಡದು ಹೇಳು.' ಚಿಕ್ಕಣ್ಣ ಬೇರಿನ ಮೇಲೆ ಕುಕ್ಕರಿಸಿದ. 'ಕ್ವಾರೀಲಿ ಅಂತ ಆಚೆಗ ಬಂದ್ರ ಮುಚ್ಚಿಸ್ತಾರಂತ. ಮುಚ್ಚುದ್ರ ಈ ಊರು ಏನು ತಿನ್ನದು? ಬೀದೀಲಿರೋರೆಲ್ಲ ಬೆಳಗ್ಗಿಂದ ನನ್ನ ಮಖಾನೇ ನೋಡ್ತಾವ್ರ. ಸೊಸೆ, ಕೂಸು ಇಬ್ರನ್ನೂ ನೋಡ್ಕತೀವಿ ಅಂದವ್ರ. ನೀ ಕೂತ್ಕಂಡು ಹೇಳಕ ಶುರು ಮಾಡುದ್ರ ಯಾರೂ ತಡಿಯಂಗಿಲ್ಲ, ನಂಗೊತ್ತು. ಅದ್ಕೆ ಈಗ್ಲೇ ಕೇಳ್ತಿನಿ. ನಿನ್ನ ಕಾಲಿಗ ಬೀಳ್ತಿನಿ ಕಣವ್ವ. ಹೇಳ್ಬ್ಯಾಡ.'

ಅಣ್ಣನಾದವನು ತಂಗಿಯ ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದಕ್ಕೆ ಸರಿದಳು. ಅಷ್ಟರಲ್ಲಿ ಮಿರಿಮಿರಿ ಬಿಳಿ ಶರ್ಟಿನ ಸೋಮೇಶನೇ ಬಂದ. ಗಟ್ಟಿಯಾಗಿ ಮಾತಾಡುವವನಲ್ಲ, ಬಹಳ ಮರ್ಯಾದಸ್ಥ.

'ಚಾಮುಂಡಮ್ನೋರೆ, ನಿಮ್ಮ ವಿಚಾರ ಕೇಳಿದೀನಿ. ದೊಡ್ಡ ಕಲೆ ಬಿಡಿ ಅದು. ಅಳಿ, ಬೇಡ ಅನ್ನಲ್ಲ. ನಿಮ್ಮ ಅಣ್ಣನ ಮಗ. ಬರೀ ಅಳಿ, ಸಾಕು.'

ಬರೀ ಅಳಿ, ಸಾಕು. ಬಾಯಿರುವ ಬಡವರಿಗೆ ಈ ನಾಡು ಕೊಡುತ್ತ ಬಂದಿರುವ ಅನುಮತಿ ಇಷ್ಟೇ ತಾನೆ?

ಅವರು ಬಂದೋಬಸ್ತನ್ನೂ ಮಾಡಿದ್ದರು. ಶಾಮಿಯಾನದ ಕಂಬಕ್ಕೆ ಕ್ವಾರಿಯ ಕಡೆಯಿಂದಲೇ ಮೈಕ್ ಸೆಟ್ ಬಂದು ಕೂತಿತ್ತು, ಬೀದಿಗೆ ಮುಖ ಮಾಡಿ ಒಂದು, ಮನೆಯೊಳಕ್ಕೆ ಮುಖ ಮಾಡಿ ಒಂದು. ಅದರೊಳಗಿಂದ ಶಿವನ ಭಜನೆ ಕಿವಿ ಹರಿಯುತ್ತಿತ್ತು. ಈಗ ಸಾವಿಗೆಲ್ಲ ಇದು ಬರುತ್ತದೆ, ಬಂದವರು ಗೌರವ ಎಂದುಕೊಳ್ಳುತ್ತಾರೆ.

ಚಾಮುಂಡಿ ಹೋಗಿ ಗಣೇಶನ ಕಾಲ ಬಳಿ ಕೂತಳು. ಹೆಂಗಸರು ಜಾಗ ಬಿಟ್ಟುಕೊಟ್ಟು, ಸೆರಗು ಬಾಯಿಗಿಟ್ಟುಕೊಂಡು ಕಾದರು. ಗಣೇಶನ ಹೆಂಡತಿ ಕೂಸನ್ನು ಎದೆಗೆ ಅವಚಿಕೊಂಡು ಚಾಮುಂಡಿಯ ಬಾಯಿಯನ್ನೇ ನೋಡುತ್ತಿದ್ದಳು. ತನಗೆ ಹೇಳಲು ಬರುವುದಿಲ್ಲ. ಸೋದರತ್ತೆ ಹೇಳುತ್ತಾಳೆ ಎಂದು ಕಾದಿದ್ದಳು. ಚಾಮುಂಡಿ ಬಾಗಿಲ ಕಡೆ ನೋಡಿದಳು. ಚಿಕ್ಕಣ್ಣ ಎರಡೂ ಕೈ ಮುಗಿದುಕೊಂಡು ನಿಂತಿದ್ದ, ತಂಗಿಗೇ.

'ಅಯ್ಯೋ' ಎಂದಳು ಚಾಮುಂಡಿ. 'ಅಯ್ಯಯ್ಯೋ' ಎಂದಳು. ಅದರ ಮುಂದಕ್ಕೆ ಹೋಗಲಿಲ್ಲ. ಗಂಟಲಿಗೆ ಬಂದ ಒಂದೊಂದು ಮಾತನ್ನೂ ನುಂಗಿದಳು. ಆಷಾಢದಲ್ಲಿ ಯಾವ ಹಣ್ಣು ಕಿತ್ಯಪ್ಪಾ ಎನ್ನುವುದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನೂ ನುಂಗಿದಳು. ಕರುವಿನಂತೆ ಅತ್ತಳು. ಒಂದೂ ಬಿಡಬಾರದು ಎಂದಿದ್ದವನಿಗೆ ಒಂದನ್ನೂ ಹೇಳದೆ ಕಳಿಸಿದಳು. ಹೆಣ ಎತ್ತುವಾಗ ಗಣೇಶನ ಹೆಂಡತಿ ಅವಳ ಕಡೆಗೆ ತಿರುಗಿ ಒಂದು ಸಲ ನೋಡಿದಳು, ಅಷ್ಟೇ.

ಊರಿಗೆ ಬಂದ ಮೇಲೆ ಅವಳ ಬಾಯಿಗೆ ಏನೋ ಆಯಿತು. ಅವರ ಬೀದಿಯಲ್ಲೇ ಒಬ್ಬ ಅಜ್ಜಿ ತೀರಿಕೊಂಡಳು, ಚಾಮುಂಡಿಯನ್ನು ಸಾಕಿದ ಹಾಗೆ ನೋಡಿಕೊಂಡಿದ್ದವಳು. ಹೋಗಿ ಕೂತಳು, ರಾಗ ಎಳೆದಳು, ಮಾತು ಬರಲಿಲ್ಲ. ಅಜ್ಜಿಯ ಬಾಳೆಲ್ಲ ಕಣ್ಣ ಮುಂದಿದೆ, ಬಾಯಲ್ಲಿ ಒಂದು ಸೊಲ್ಲೂ ಹುಟ್ಟುತ್ತಿಲ್ಲ. 'ನೆಗಡಿ ಕಣ್ರವ್ವ, ಗಂಟ್ಲು ಕಟ್ಟದ' ಎಂದು ಎದ್ದು ಬಂದಳು. ಆ ನೆಗಡಿ ವಾಸಿಯಾಗಲಿಲ್ಲ. ನಿಧಾನಕ್ಕೆ ಕರೆಯುವವರೂ ನಿಂತರು. 'ಅವ್ಳಿಗ ಈಗ ಮೊದ್ಲಿನಂಗ ಬರಲ್ಲ ಬುಡು, ಮೈಕ್‌ನೋನಿಗ ಫೋನ್ ಮಾಡು.'

ಹೊಲದಲ್ಲಿ ಅವಳಿಗೆ ಕುದೇರಿನ ಮರಿತಾಯಮ್ಮ ಜೊತೆಗಾತಿ. ಕಂಡವರ ಅರಿಸಿನದ ಹೊಲದಲ್ಲಿ ವರ್ಷಗಟ್ಟಲೆ ಒಂದೇ ಸಾಲಿನಲ್ಲಿ ಕಳೆ ಕಿತ್ತವರು. ದಸರಾ ಆದ ಮೇಲೆ ಒಂದು ದಿನ ಬುತ್ತಿ ಬಿಚ್ಚಿಕೊಂಡು ಕೂತಾಗ ಮರಿತಾಯಮ್ಮ ಕೇಳಿದಳು, 'ನಮ್ಮ ಹುಡ್ಗ ದಿಲೀಪನ್ನ ನಿಮ್ಮಣ್ಣನೂರ ಕ್ವಾರಿಗ ಕರೀತಾವ್ರ ಕಣ ಚಾಮುಂಡಿ. ನಿಮ್ಮ ಗಣೇಶ ಅಲ್ಲೇ ಅಲ್ವಾ ಇದ್ದದ್ದು? ಹೆಂಗಂತ ಅಲ್ಲಿ? ಕಳಿಸ್ಬೌದಾ?'

ಇದು ಹೆಣದ ಮುಂದಿನ ಮಾತಲ್ಲ. ಬುತ್ತಿಯ ಮುಂದಿನ ಮಾತು. ಒಂದು ಸಣ್ಣ 'ಬ್ಯಾಡ' ಸಾಕಿತ್ತು. ಚಾಮುಂಡಿಗೆ ಕೈ ಮುಗಿದು ನಿಂತ ಅಣ್ಣ ಕಂಡ.

'ನಂಗೇನು ಗೊತ್ತು ಕಣಕ್ಕ. ಅಂವ ಮರದಿಂದ ಬಿದ್ದದ್ದು' ಎಂದಳು.

ಸುಳ್ಳು ಇಷ್ಟು ದಿನ ಬೇರೆಯವರದಾಗಿತ್ತು. ಅವಳು ಅದನ್ನು ತಡೆದಿರಲಿಲ್ಲ, ಅಷ್ಟೇ. ಆವತ್ತು ಅದು ಅವಳದೇ ಆಯಿತು.

ಸಂಕ್ರಾಂತಿ ಕಳೆದು, ಕ್ವಾರಿಯೂರಿನ ಹುಣಸೆ ಮರದಲ್ಲಿ ನಿಜವಾಗಿಯೂ ಹಣ್ಣು ತೂಗುವ ಕಾಲಕ್ಕೆ ದಿಲೀಪ ಸತ್ತ. ಮರ ಈಗ ಸರಿಯಾದ ಸುಳ್ಳಾಗಬಹುದಿತ್ತು. ಆದರೆ ಒಂದೇ ಮರದಿಂದ ಇಬ್ಬರು ಬೀಳುವುದು ಚೆನ್ನಾಗಿರುವುದಿಲ್ಲ. ಈ ಸಲ ಬೈಕು. 'ಕೆಲಸ ಮುಗಿಸ್ಕೊಂಡು ಬರುವಾಗ ಸ್ಕಿಡ್ ಆಯ್ತು' ಎಂದು ಸೋಮೇಶ ಹೆಣ ತಂದ. ಹಿಂದೆಯೇ ಯಾರೋ ದಿಲೀಪನ ಬೈಕನ್ನು ಓಡಿಸಿಕೊಂಡು ಬಂದು ಮನೆ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಅಮ್ಮನಿಗೆ ಒಪ್ಪಿಸಬೇಕಲ್ಲ, ಮನುಷ್ಯತ್ವ. ಬೈಕಿಗೆ ಒಂದು ಗೀರೂ ಆಗಿರಲಿಲ್ಲ. ಹ್ಯಾಂಡಲಿಗೆ ಆಯುಧಪೂಜೆಯಲ್ಲಿ ಕಟ್ಟಿದ ದಾರ ಕೂಡ ಹಾಗೇ ಇತ್ತು. ಬಂದವರೆಲ್ಲ ಬೈಕನ್ನು ನೋಡಿದರು, ಹೆಣವನ್ನು ನೋಡಿದರು, ಚಪ್ಪಲಿ ಬಿಟ್ಟು ಕುರ್ಚಿ ಎಳೆದುಕೊಂಡು ಕೂತರು.

ಚಾಮುಂಡಿಯನ್ನು ಯಾರೂ ಕರೆದಿರಲಿಲ್ಲ. ಸುದ್ದಿ ಕೇಳಿ ಸೀರೆ ಸುತ್ತಿಕೊಂಡು ಹೊರಟಳು. ಪುಟ್ಟಿ ಬಾಗಿಲಲ್ಲಿ ಅಡ್ಡ ನಿಂತಳು.

'ಎಲ್ಲಿಗವ್ವ? ನಿಂಗ ಹೇಳಕಾಯ್ತದಾ?'

'ಆಗ್ದಿದ್ರ ಸುಮ್ನ ಕೂತಿದ್ದು ಬತ್ತೀನಿ. ಮಖ ತೋರಿಸ್ಬೇಕು.'

'ಯಾರಿಗ?'

'ಅವ್ನಿಗ.'

ಪುಟ್ಟಿ ಚಪ್ಪಲಿ ಹಾಕಿಕೊಂಡಳು. 'ನಡಿ ಹೋಗನ.'

ಕುದೇರಿನಲ್ಲಿ ಅದೇ ಮೈಕ್ ಸೆಟ್, ಅದೇ ಭಜನೆ, ಅದೇ ಬಿಳಿ ಶರ್ಟು. ಮರಿತಾಯಮ್ಮ ಮಗನ ತಲೆಯ ಬಳಿ ಕೂತಿದ್ದಳು. ಚಾಮುಂಡಿಯನ್ನು ಕಂಡವಳೇ ಎದ್ದು ಬಂದು ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. 'ನಿಂಗೊತ್ತಿತ್ತಾ? ಹೇಳು, ನಿಂಗೊತ್ತಿತ್ತಾ? ನಾ ಕೇಳ್ದಾಗ ನಿನ್ನ ಬಾಯೊಳಗಿದ್ದದ್ದು ಅನ್ನನಾ ಮಣ್ಣಾ?' ಹೆಂಗಸರು ಬಿಡಿಸಿದರು. ಚಾಮುಂಡಿ ಹೋಗಿ ಕಾಲ ಬಳಿ ಕೂತು, ದಿಲೀಪನ ಪಾದ ಮುಟ್ಟಿದಳು. ಉಗುರಿನ ಸಂದಿಯಲ್ಲಿ ಬಿಳಿ ಧೂಳು.

ಕಟ್ಟಿದ್ದ ಬಾಯಿ ಬಿಟ್ಟಿತು.

'ನಿಮ್ಮವ್ವ ಕೇಳಿದ್ಲು ಮಗನೇ, ಬುತ್ತಿ ಮುಂದ ಕೂತು ಕೇಳಿದ್ಲು, ಕಳ್ಸನಾ ಬ್ಯಾಡ್ವಾ ಅಂತ ಕೇಳಿದ್ಲು. ಗೊತ್ತಿಲ್ಲ ಅಂದೆ ಮಗನೇ. ಗೊತ್ತಿದ್ದೂ ಗೊತ್ತಿಲ್ಲ ಅಂದ ಬಾಯಿ ಇದು ಮಗನೇ, ಇದಕ್ಕ ಮೊದ್ಲು ಮಣ್ಣಾಕಿ ನಿಂಗ ಹಾಕ್ಲಿ ಮಗನೇ...'

ಭಜನೆಯ ಸದ್ದು ಏರಿತು. ಸೋಮೇಶ ಮೈಕಿನವನಿಗೆ ಕಣ್ಣು ಮಾಡಿದ್ದ. ಶಾಮಿಯಾನದ ಬಟ್ಟೆಯೇ ನಡುಗುವ ಹಾಗೆ ಸದ್ದು. ಚಾಮುಂಡಿಯ ತುಟಿ ಅಲ್ಲಾಡುತ್ತಿರುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಪುಟ್ಟಿ ಮೈಕಿನವನ ಹತ್ತಿರ ಹೋದಳು.

'ಅಣ್ಣ, ಸೌಂಡ್ ಕಮ್ಮಿ ಮಾಡಿ.'

'ದೇವರ ನಾಮ ಕಣಮ್ಮ.'

'ದೇವ್ರಿಗೂ ಕೇಳ್ಲಿ ಅಂತಲೇ ಹೇಳ್ತಿರದು.'

ಅವನು ಹಲ್ಲು ಕಿರಿದು ಇನ್ನೊಂದು ಸುತ್ತು ಏರಿಸಿದ. ಪುಟ್ಟಿ ಕೆಳಗೆ ಬಗ್ಗಿ ವೈರನ್ನು ಹಿಡಿದು ಕಿತ್ತಳು.

ಭಜನೆ ಅರ್ಧಕ್ಕೆ ತುಂಡಾಯಿತು. ಬೀದಿಗೆ ಬೀದಿಯೇ ನಿಶ್ಶಬ್ದವಾದ ಆ ಜಾಗದಲ್ಲಿ ಒಬ್ಬ ಹೆಂಗಸಿನ ಸ್ವರ ಮಾತ್ರ ಉಳಿಯಿತು.

'...ನಮ್ಮ ಗಣೇಶನೂ ಅಲ್ಲೇ ಹೋದ ಮಗನೇ, ಮ್ಯಾಲೆ ಬಂಡ ಬಾಯಿ ಬುಟ್ಟದ ಅಂದ ಮಗನೇ, ಕೆಳಗ ನೋಡು ಅಂದ್ರು ಮಗನೇ. ಆಷಾಢದಲ್ಲಿ ಹುಣಸೆ ಹಣ್ಣು ಕೀಳಕ ಹತ್ತಿದ್ನಂತೆ ಮಗನೇ, ಹೂವಿನ ಮರದಲ್ಲಿ ಯಾವ ಹಣ್ಣು ಕಿತ್ತ ಮಗನೇ. ನೀ ಬೈಕಿಂದ ಬಿದ್ಯಂತ ಮಗನೇ, ಬೈಕು ಮದುವಣಗಿತ್ತಿ ಹಂಗ ನಿಂತದ, ನಿನ್ನ ಎದ ಯಾಕ ಚಪ್ಪಟ ಆಯ್ತು ಮಗನೇ. ಹೆಣ ಮುಂದಿದ್ದಾಗ ಹೇಳ್ದೆ ಹೋದೆ, ಅದ್ಕೆ ಇನ್ನೊಂದು ಹೆಣ ಬಂತು ಮಗನೇ...'

ಮರಿತಾಯಮ್ಮ ನೆಲಕ್ಕೆ ತಲೆ ಚಚ್ಚಿಕೊಂಡಳು. ಕುರ್ಚಿಗಳಲ್ಲಿ ಕೂತವರು ಬೈಕಿನ ಕಡೆ ನೋಡಿ ತಲೆ ತಗ್ಗಿಸಿದರು. ಸೋಮೇಶನಿಗೆ ಅವಳ ಬಾಯಿ ಮುಚ್ಚಿಸುವ ಧೈರ್ಯವಾಗಲಿಲ್ಲ. ಕಟ್ಟಳೆ ಅವನಿಗೂ ಗೊತ್ತು. ಅವನಿಗೆ ಇನ್ನೊಂದೂ ಗೊತ್ತಿತ್ತು. ಹಿರಿಯರೊಬ್ಬರ ಕಿವಿಯಲ್ಲಿ ಏನೋ ಹೇಳಿದ. ಅವರು ಎದ್ದು ಗಂಟಲು ಸರಿ ಮಾಡಿಕೊಂಡರು. 'ಹೊತ್ತಾಯ್ತು. ಎತ್ರಪ್ಪ.'

ಇನ್ನೂ ನೆಂಟರು ಬರಬೇಕಿತ್ತು. ದಿಲೀಪನ ಅಕ್ಕ ಬಸ್ಸಿನಲ್ಲಿದ್ದಳು. ಎತ್ತಿದರು. ಹೆಣ ಹೆಗಲಿಗೇರಿದರೆ ಕಟ್ಟಳೆ ಮುಗಿಯಿತು. ಚಾಮುಂಡಿ ಹೇಳುತ್ತಲೇ ಹಿಂದೆ ನಡೆದಳು, ಬೀದಿ ದಾಟಿ, ಅರಳಿಕಟ್ಟೆ ದಾಟಿ, ಹೆಂಗಸರು ನಿಲ್ಲಬೇಕಾದ ಊರ ಅಂಚಿನವರೆಗೂ. ಅಲ್ಲಿ ನಿಂತಳು. ಹೆಣದ ಹಿಂದೆ ಹೋಗುತ್ತಿದ್ದವರಲ್ಲಿ ಒಬ್ಬನೂ ತಿರುಗಿ ನೋಡಲಿಲ್ಲ. ವಾಪಸ್ ಬರುವಾಗ ಯಾರೋ ಪುಟ್ಟಿಯನ್ನು ಕೇಳಿದರು, 'ವೈರ್ ಕಿತ್ತವ್ಳು ನೀನಾ? ಯಾರ ಮಗಳು?'

'ಅಳೋಳ ಮಗಳು' ಎಂದಳು ಪುಟ್ಟಿ.

ಇದನ್ನು ಕೇಳಿ ನಿಮಗೆ ಎದೆಯುಬ್ಬಿದ್ದರೆ ತಡೆಯಿರಿ. ಗೆದ್ದ ಕತೆ ಅಲ್ಲ ಇದು. ಮರಿತಾಯಮ್ಮ ದೂರು ಕೊಟ್ಟಳು. ಜೀಪಿನಲ್ಲಿ ಯಾರೋ ಬಂದು ಚಾಮುಂಡಿಯನ್ನು ಕೇಳಿದರು, 'ನೀನು ಕಣ್ಣಾರೆ ಕಂಡ್ಯಾ? ಅತ್ತಿದ್ದೆಲ್ಲ ಸಾಕ್ಷಿ ಆಗಲ್ಲಮ್ಮ.' ಕಣ್ಣಾರೆ ಕಂಡವರು ಚಿಕ್ಕಣ್ಣನ ಊರಿನಲ್ಲಿದ್ದರು. ಅವರು ಮರ ಎಂದರು, ಬೈಕು ಎಂದರು. ಕ್ವಾರಿ ಕೆಲವು ದಿನ ಮುಚ್ಚಿತು. ಆ ಕೆಲವು ದಿನಕ್ಕೇ ಊರಿನ ಜನ ಶುಂಠಿ ಕೀಳಲು ಕೇರಳದ ಗಡಿ ದಾಟಬೇಕಾಯಿತು, ದಾಟುವಾಗ ಚಾಮುಂಡಿಯ ಹೆಸರು ಹಿಡಿದು ಶಾಪ ಹಾಕಿದರು. ಆಮೇಲೆ ಹೊಸ ಬೋರ್ಡು ಹಾಕಿಕೊಂಡು ಅದೇ ಕ್ವಾರಿ ತೆರೆಯಿತು. ಗಣೇಶನ ಹೆಂಡತಿ ಮತ್ತು ಕೂಸನ್ನು ನೋಡಿಕೊಳ್ಳುತ್ತೇವೆ ಎಂದವರಿಗೆ ಈಗ ನೋಡಿಕೊಳ್ಳದಿರಲು ಒಂದು ಕಾರಣ ಸಿಕ್ಕಿತು: 'ನಿಮ್ಮ ಸೋದರತ್ತೇನ ಕೇಳಿ.' ಗೌರಿ ಹಬ್ಬಕ್ಕೆ ಚಿಕ್ಕಣ್ಣನ ಮನೆಯಿಂದ ಅರಿಸಿನ ಕುಂಕುಮ ಬರಲಿಲ್ಲ. ಚಾಮುಂಡಿ ಬಾಗಿಲಲ್ಲಿ ಕೂತು ಬಸ್ಸು ಹೋಗುವುದನ್ನೂ ಬರುವುದನ್ನೂ ನೋಡಿದಳು. ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಮರಿತಾಯಮ್ಮ ಈಗಲೂ ಅದೇ ಹೊಲಕ್ಕೆ ಬರುತ್ತಾಳೆ, ಬೇರೆ ಸಾಲು ಹಿಡಿಯುತ್ತಾಳೆ.

ಒಂದು ದಿನ ಪುಟ್ಟಿ ಉಣ್ಣುತ್ತ ಕೇಳಿದಳು, 'ಅವ್ವ, ಈಗ ಬತ್ತದಾ ಹೇಳಕ?'

'ಬತ್ತದ.' ಚಾಮುಂಡಿ ತಟ್ಟೆಯಿಂದ ತಲೆ ಎತ್ತಲಿಲ್ಲ. 'ಕರಿಯೋರೇ ಇಲ್ಲ.'

ಕೋಟಿನವರು ಹೇಳಿದ್ದರಲ್ಲ, ನಿನ್ನ ಶಕ್ತಿ ಯಾವುದೆಂದು ತಿಳಿದುಕೋ, ಹುಟ್ಟಿದ್ದು ಯಾಕೆಂದು ಗೊತ್ತಾಗುತ್ತದೆ ಎಂದು. ಅವಳಿಗೆ ಚಿಕ್ಕವಳಿದ್ದಾಗಲೇ ಗೊತ್ತಾಗಿತ್ತು ಸ್ವಾಮಿ. ಗೊತ್ತಾದದ್ದನ್ನು ಮಾಡಲು ಜಾಗ ಬಿಡದವರು ಯಾರು ಎನ್ನುವುದನ್ನು ಕೋಟಿನವರು ಹೇಳಲಿಲ್ಲ. ಅವಳ ಬಾಯಿ ಮುಚ್ಚಿಸಿದ್ದು ಬಿಳಿ ಶರ್ಟಿನ ಸೋಮೇಶ ಒಬ್ಬನೇ ಅಲ್ಲ. ಹೂ ಬಿಟ್ಟ ಮರವನ್ನು ನೋಡಿ ಹಣ್ಣು ಎಂದು ಒಪ್ಪಿಕೊಂಡವರು, ಗೀರಿಲ್ಲದ ಬೈಕಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತವರು, ಭಜನೆ ಜೋರಾದಾಗ ಕಣ್ಣು ಮುಚ್ಚಿ ತಲೆದೂಗಿದವರು. ಅಂದರೆ ನೀವು.

ನಾಳೆಯೋ ನಾಡಿದ್ದೋ ನೀವು ಮತ್ತೊಂದು ಸಾವಿಗೆ ಹೋಗುತ್ತೀರಿ. ಕಂಬದ ಮೇಲೆ ಮೈಕಿರುತ್ತದೆ, ಕೆಳಗೆ ತುಟಿ ಅಲ್ಲಾಡಿಸುವ ಹೆಂಗಸೊಬ್ಬಳಿರುತ್ತಾಳೆ. ಹೆಣ ಎತ್ತುವುದರೊಳಗೆ ಕುರ್ಚಿಯಿಂದ ಏಳಿ. ವೈರು ಕೀಳಿ. ಅವಳು ಹೇಳಿದ್ದನ್ನು ಕೊನೆಯವರೆಗೂ ಕೇಳಿ, ಹೆಣ ಎತ್ತಿದ ಮೇಲೆ ಅದೇ ಮಾತನ್ನು ನಿಮ್ಮ ಬಾಯಲ್ಲಿ, ನಿಮ್ಮ ಹೆಸರು ಹೇಳಿ, ಹೇಳಿ.